ಹೆರಿಗೆಯ ನಂತರ ಉಳಿದಿರುವ ಗಂಟು: ಮೂಲವ್ಯಾಧಿಯೋ, ಬರಿಯ ಚರ್ಮವೋ?

ಪ್ರಶ್ನೆ (ಹಾವೇರಿ ಜಿಲ್ಲೆಯ ಗೃಹಿಣಿ)

ನಮಸ್ಕಾರ. ನನಗೆ 34 ವರ್ಷ, ಎರಡನೆಯ ಹೆರಿಗೆಯಾಗಿ 10 ತಿಂಗಳಾಯಿತು. ಬಾಣಂತನದ ಮೂರನೆಯ ವಾರದಲ್ಲಿ ಗುದದ್ವಾರದ ಅಂಚಿನಲ್ಲಿ ದ್ರಾಕ್ಷಿಯಷ್ಟು ದಪ್ಪದ ನೀಲಿ ಗಂಟು ರಾತ್ರಿ ಬೆಳಗಾಗುವುದರೊಳಗೆ ಎದ್ದಿತು. ನಾಲ್ಕು ದಿನ ಕೂರಲೂ ಆಗದಷ್ಟು ನೋವಿತ್ತು. ಆಮೇಲೆ ಅದು ತಾನಾಗಿಯೇ ಇಳಿಯಿತು, ಆದರೆ ಅದೇ ಜಾಗದಲ್ಲಿ ಮೈಬಣ್ಣದ, ಮೆತ್ತನೆಯ ಚರ್ಮದ ತುಂಡೊಂದು ಉಳಿದುಕೊಂಡಿದೆ. ಅದು ನೋಯುವುದಿಲ್ಲ, ಹೆಚ್ಚು ಕಡಿಮೆಯಾಗುವುದಿಲ್ಲ, ಒಳಗೆ ತಳ್ಳಿದರೂ ಹೋಗುವುದಿಲ್ಲ. ಶೌಚದ ನಂತರ ಆ ಜಾಗವನ್ನು ಪೂರ್ತಿ ಸ್ವಚ್ಛಗೊಳಿಸುವುದು ಕಷ್ಟವಾಗಿ ತುರಿಕೆಯಾಗುತ್ತದೆ. ಇದರ ಜೊತೆಗೆ, ಕಳೆದ ಎರಡು ತಿಂಗಳಲ್ಲಿ ಮೂರು ಬಾರಿ ಮಲವಿಸರ್ಜನೆಯ ಕೊನೆಯಲ್ಲಿ ನೋವಿಲ್ಲದೆ ಕೆಂಪು ರಕ್ತ ತೊಟ್ಟಿಕ್ಕಿದೆ.

ಒಂದು ಕ್ಲಿನಿಕ್ಕಿನಲ್ಲಿ ಹೊರಗಿನಿಂದ ನೋಡಿದ ಕೂಡಲೇ ‘ಇದು ಪೈಲ್ಸ್, ನಾಳೆಯೇ ಲೇಸರ್ ಮಾಡಿಸಿಕೊಳ್ಳಿ’ ಎಂದರು. ಇನ್ನೊಬ್ಬ ವೈದ್ಯರು ‘ಬರಿಯ ಚರ್ಮ, ಬಿಟ್ಟುಬಿಡಿ’ ಎಂದರು. ಯಾರ ಮಾತನ್ನು ನಂಬಬೇಕು? ಮಗುವಿಗೆ ಇನ್ನೂ ಹಾಲುಣಿಸುತ್ತಿದ್ದೇನೆ. ಮನೆಯಲ್ಲಿ ಅತ್ತೆಯವರ ಬಳಿಯೂ ಹೇಳಿಕೊಳ್ಳಲಾಗದೆ ಇಲ್ಲಿ ಕೇಳುತ್ತಿದ್ದೇನೆ.

ಉತ್ತರ 1 (ನಿವೃತ್ತ ಶಸ್ತ್ರವೈದ್ಯ, ಧಾರವಾಡ)

ತಂಗಿ, ನಿಮ್ಮ ವಿವರಣೆ ಬಹಳ ಸ್ಪಷ್ಟವಾಗಿದೆ. ನೋಡದೆ ರೋಗನಿರ್ಣಯ ಮಾಡಲಾಗದು. ಆದರೂ ನನಗೆ ತೋರುವಂತೆ ನೀವು ಒಂದೇ ಎಂದುಕೊಂಡಿರುವ ತೊಂದರೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಮತ್ತು ಆ ಇಬ್ಬರು ವೈದ್ಯರು ಒಂದೊಂದನ್ನು ಮಾತ್ರ ಹೇಳಿದ್ದಾರೆ.

ಗುದನಾಳದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಮಲಬದ್ಧತೆ, ಶೌಚದಲ್ಲಿ ಮುಕ್ಕುವುದು (ತಿಣುಕುವುದು), ಗರ್ಭಾವಸ್ಥೆಯ ಒತ್ತಡ ಇವುಗಳಿಂದ ಅವು ಉಬ್ಬಿ ಕೆಳಕ್ಕೆ ಜಾರಿದಾಗ ಅದನ್ನು ಮೂಲವ್ಯಾಧಿ ಎನ್ನುತ್ತೇವೆ. ಗುದದ್ವಾರದಿಂದ ಸುಮಾರು 2 ಸೆಂಟಿಮೀಟರ್ ಒಳಗೆ ಒಂದು ಗಡಿರೇಖೆ ಇದ್ದು, ಅದರ ಮೇಲಿನ ಭಾಗಕ್ಕೆ ಚರ್ಮದಂತೆ ನೋವು ತಿಳಿಯುವುದಿಲ್ಲ. ಆದ್ದರಿಂದ ಒಳಗಿನ ಮೂಲವ್ಯಾಧಿ ನೋವಿಲ್ಲದೆ ರಕ್ತ ಸುರಿಸುತ್ತದೆ. ಗಡಿಯ ಕೆಳಗಿನದು ಹಾಗಲ್ಲ; ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ನೀವು ಬಾಣಂತನದಲ್ಲಿ ಅನುಭವಿಸಿದಂಥ ನೀಲಿ ಗಂಟು ಮತ್ತು ತೀವ್ರ ನೋವು. ಅಂಥ ಗಂಟನ್ನು ಮೊದಲ 72 ಗಂಟೆಗಳೊಳಗೆ ಕತ್ತರಿಸಿ ತೆಗೆದರೆ ಬೇಗ ಹಾಯೆನಿಸುತ್ತದೆ. ಅದು ಮೀರಿದರೆ ಸಾಮಾನ್ಯವಾಗಿ ತಾನಾಗಿ ಕರಗಲು ಬಿಡುತ್ತೇವೆ. ಕರಗಿದ ಮೇಲೆ ಹಿಗ್ಗಿದ ಚರ್ಮ ಮಾತ್ರ ಜೋತುಬಿದ್ದು ಉಳಿಯಬಹುದು. ಅದೇ ಸ್ಕಿನ್ ಟ್ಯಾಗ್.

ಗುರುತಿಸುವುದಕ್ಕೆ ಗಂಟಿನ ರೂಪಕ್ಕಿಂತ ಅದರ ನಡವಳಿಕೆಯನ್ನು ಗಮನಿಸಿ. ಒಳಗಿನ ಮೂಲವ್ಯಾಧಿ ಮುಕ್ಕಿದಾಗ ಹೊರಬಂದು, ತಾನಾಗಿಯೋ ಬೆರಳಿನಿಂದ ತಳ್ಳಿದಾಗಲೋ ಒಳಸೇರುತ್ತದೆ, ತೇವವಾಗಿ ಕೆಂಪಗಿರುತ್ತದೆ. ಬಹಳ ಮುಂದುವರಿದ ಹಂತದಲ್ಲಿ ಮಾತ್ರ ಅದು ಹೊರಗೇ ಉಳಿದುಬಿಡುತ್ತದೆ. ಚರ್ಮದ ತುಂಡು ಒಣಗಿದ್ದು, ಬೆಳಿಗ್ಗೆ ಸಂಜೆ ಒಂದೇ ಗಾತ್ರದಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ತಾನಾಗಿ ರಕ್ತ ಸುರಿಸುವುದಿಲ್ಲ. ಹಾಗಾದರೆ ನಿಮ್ಮ ರಕ್ತ ಎಲ್ಲಿಂದ ಬಂದಿತು? ಒಳಗಿನಿಂದ ಬಂದಿರಬೇಕು. ಹೊರಗಿನ ತುಂಡನ್ನು ಲೇಸರಿನಿಂದ ತೆಗೆಸಿದರೂ ಆ ರಕ್ತ ನಿಲ್ಲದು. ‘ಬರಿಯ ಚರ್ಮ’ ಎಂದು ಬಿಟ್ಟರೆ ಅದರ ಮೂಲ ಪತ್ತೆಯಾಗದು. ಒಳಗೆ ನೋಡದೆ ಮರುದಿನವೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವುದನ್ನು ನಾನು ಒಪ್ಪಲಾರೆ.

ನಿಮಗೆ ಬೇಕಾಗಿರುವುದು ಬೆರಳಿನ ಪರೀಕ್ಷೆ ಮತ್ತು ಪ್ರೊಕ್ಟೋಸ್ಕೋಪ್ ಎಂಬ ಚಿಕ್ಕ ಕೊಳವೆಯ ಮೂಲಕ ನೋಟ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮಹಿಳಾ ವೈದ್ಯರು ಬೇಕೆಂದು ಕೇಳುವುದರಲ್ಲಿ ಸಂಕೋಚವಿರಬಾರದು. ಹಿಮೋಗ್ಲೋಬಿನ್ ಕೂಡ ನೋಡಿಸಿ. ತೂಕ ಇಳಿಯುತ್ತಿದ್ದರೆ, ಮಲವಿಸರ್ಜನೆಯ ಅಭ್ಯಾಸ ವಾರಗಟ್ಟಲೆ ಬದಲಾಗಿದ್ದರೆ, ಮಲದಲ್ಲಿ ಬೆರೆತು ಗಾಢ ಬಣ್ಣದ ರಕ್ತ ಬಂದರೆ, ಅಥವಾ ರಕ್ತಸಂಬಂಧಿಗಳಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಬೇಕಾಗಬಹುದು. ಇನ್ನೊಂದು ಮಾತು: ಮಲವಿಸರ್ಜನೆಯ ವೇಳೆ ಸೀಳಿದಂತೆ ನೋವಾಗುವವರಲ್ಲಿ ಚರ್ಮದ ತುಂಡಿನ ಪಕ್ಕದಲ್ಲೇ ಬಿರುಕು, ಅಂದರೆ ಫಿಶರ್, ಅಡಗಿರಬಹುದು. ಆಗ ಮೊದಲು ವಾಸಿಮಾಡಬೇಕಾದದ್ದು ಬಿರುಕನ್ನು.

ಉತ್ತರ 2 (ಮೈಸೂರಿನ ಓದುಗ)

ನಾನು ಮೂರು ವರ್ಷಗಳ ಹಿಂದೆ ಇಂಥದೇ ಚರ್ಮದ ತುಂಡನ್ನು ತೆಗೆಸಿಕೊಂಡೆ. ಅದಕ್ಕೂ ಮೊದಲು ಮೂಲವ್ಯಾಧಿಯ ಮುಲಾಮುಗಳನ್ನು ತಿಂಗಳುಗಟ್ಟಲೆ ಹಚ್ಚಿದ್ದೆ. ಚರ್ಮ ಮುಲಾಮಿನಿಂದ ಕರಗುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಅದರಲ್ಲಿದ್ದ ಸ್ಟಿರಾಯ್ಡಿನಿಂದ ಅಲ್ಲಿನ ಚರ್ಮ ತೆಳುವಾಗಿ ಉರಿ ಹೆಚ್ಚಾಯಿತು. ಶಸ್ತ್ರಚಿಕಿತ್ಸೆ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು 20 ನಿಮಿಷಗಳಲ್ಲಿ ಮುಗಿಯಿತು. ಆದರೆ ಚಿಕ್ಕದೆಂದು ಹಗುರವಾಗಿ ಎಣಿಸಬೇಡಿ. ಮೊದಲ ವಾರ ಪ್ರತಿ ಶೌಚವೂ ಹಿಂಸೆಯಾಗಿತ್ತು, ಗಾಯ ಪೂರ್ತಿ ಮಾಯಲು ಒಂದು ತಿಂಗಳು ಹಿಡಿಯಿತು. ದಿನಕ್ಕೆ ಮೂರು ಬಾರಿ ಬೆಚ್ಚಗಿನ ನೀರು ತುಂಬಿದ ಬೋಗುಣಿಯಲ್ಲಿ 10 ನಿಮಿಷ ಕೂರುತ್ತಿದ್ದೆ, ಅದರಿಂದ ಬಹಳ ಉಪಶಮನವಾಯಿತು. ತುರಿಕೆ ಹೋದದ್ದರಿಂದ ನನಗೆ ಪಶ್ಚಾತ್ತಾಪವಿಲ್ಲ. ಆದರೆ ನೋಟಕ್ಕೆ ಚೆನ್ನಾಗಿಲ್ಲವೆಂಬ ಒಂದೇ ಕಾರಣಕ್ಕಾಗಿದ್ದರೆ ಮಾಡಿಸುತ್ತಿರಲಿಲ್ಲ.

ಉತ್ತರ 3 (ಶಿವಮೊಗ್ಗದ ಶಿಕ್ಷಕಿ)

ರಕ್ತದ ಮಾತನ್ನು ದಯವಿಟ್ಟು ಮುಂದೂಡಬೇಡಿ. ನಮ್ಮ ತಂದೆಯವರು ಒಂದು ವರ್ಷ ಪೂರ್ತಿ ಮೂಲವ್ಯಾಧಿಯೆಂದೇ ನಾಟಿ ಔಷಧಿ ತೆಗೆದುಕೊಂಡರು, ಒಳಗೆ ಯಾರೂ ಪರೀಕ್ಷಿಸಲಿಲ್ಲ. ಕೊನೆಗೆ ಅದು ಗುದನಾಳದ ಕ್ಯಾನ್ಸರ್ ಎಂದು ತಿಳಿಯಿತು. ನಿಮ್ಮ ವಯಸ್ಸಿನಲ್ಲಿ ಅಂಥ ಸಾಧ್ಯತೆ ಬಹಳ ಕಡಿಮೆ, ಹೆದರಿಸುವುದು ನನ್ನ ಉದ್ದೇಶವಲ್ಲ. ಸಂಕೋಚಕ್ಕೆ ಒಂದು ವರ್ಷ ಕಳೆದುಕೊಂಡ ಮನೆಯವಳಾಗಿ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು (ಎರಡು ವಾರಗಳ ನಂತರ)

ಮಹಿಳಾ ಶಸ್ತ್ರವೈದ್ಯರ ಬಳಿ ತೋರಿಸಿದೆ. ಒಳಗೆ ಎರಡನೆಯ ಹಂತದ (ಮುಕ್ಕಿದಾಗ ಹೊರಬಂದು ತಾನಾಗಿ ಒಳಸೇರುವ) ಮೂಲವ್ಯಾಧಿ ಇದೆ, ಹೊರಗಿನದು ಚರ್ಮದ ತುಂಡು, ಬಿರುಕು ಇಲ್ಲ. ಸದ್ಯಕ್ಕೆ ಆರು ವಾರ ಇಸಬ್ಗೋಲ್ ಮತ್ತು ನಾರಿನ ಆಹಾರ, ಆಮೇಲೂ ರಕ್ತ ಬಂದರೆ ಒಳಗಿನ ಮೂಲವ್ಯಾಧಿಯ ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಅದು ಉದುರುವಂತೆ ಮಾಡುವುದು ಎಂದಿದ್ದಾರೆ. ಹಾಲುಣಿಸುವಾಗ ಇವೆಲ್ಲ ಸರಿಯೇ? ಅದೇ ಬ್ಯಾಂಡನ್ನು ಚರ್ಮದ ತುಂಡಿಗೂ ಹಾಕಬಹುದೇ?

ಉತ್ತರ 1 (ನಿವೃತ್ತ ಶಸ್ತ್ರವೈದ್ಯ, ಧಾರವಾಡ)

ಸರಿಯಾದ ಕ್ರಮ ಅದೇ. ಇಸಬ್ಗೋಲ್ ರಕ್ತಕ್ಕೆ ಸೇರುವುದಿಲ್ಲ, ಆದ್ದರಿಂದ ಹಾಲಿಗೂ ಬರುವುದಿಲ್ಲ. ಸಾಕಷ್ಟು ನೀರಿನೊಂದಿಗೆ ತೆಗೆದುಕೊಳ್ಳಿ. ದಿನಕ್ಕೆ 25ರಿಂದ 30 ಗ್ರಾಂ ನಾರು ಹೊಟ್ಟೆ ಸೇರಬೇಕು. ನಿಮ್ಮ ಕಡೆಯ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪುಗಳಿಂದ ಅದರ ಬಹುಪಾಲು ಸಿಗುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು, ತರಕಾರಿ ಎರಡನ್ನೂ ಕಡಿಮೆ ಮಾಡಿ ಅನ್ನ ಸಾರಿನಲ್ಲೇ ಇಡುತ್ತಾರೆ. ನಿಮಗೂ ಹಾಗಾಗಿದ್ದರೆ ತೊಂದರೆ ಅಲ್ಲಿಂದಲೇ ಆರಂಭವಾಗಿರಬಹುದು, ಅತ್ತೆಯವರಿಗೆ ಇಷ್ಟನ್ನಾದರೂ ತಿಳಿಸಿ. ಶೌಚಾಲಯದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ.

ಬ್ಯಾಂಡನ್ನು ನಾನು ಹೇಳಿದ ಗಡಿರೇಖೆಗಿಂತ ಮೇಲಿನ, ನೋವು ತಿಳಿಯದ ಭಾಗಕ್ಕೆ ಮಾತ್ರ ಹಾಕುತ್ತಾರೆ. ಚರ್ಮಕ್ಕೆ ಹಾಕಿದರೆ ಸಹಿಸಲಾಗದ ನೋವಾಗುತ್ತದೆ. ಮನೆಯಲ್ಲಿ ದಾರ ಕಟ್ಟಿ ಉದುರಿಸುವ ಪ್ರಯತ್ನವನ್ನೂ ಮಾಡಬೇಡಿ. ಚರ್ಮವನ್ನು ತೆಗೆಸಲೇಬೇಕೆಂಬ ವೈದ್ಯಕೀಯ ಕಾರಣವಿಲ್ಲ. ಶೌಚದ ನಂತರ ಸೋಪಿಲ್ಲದೆ ಬರಿಯ ನೀರಿನಲ್ಲಿ ತೊಳೆದು, ಉಜ್ಜದೆ ಮೃದುವಾದ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಮಲ ಮೆದುವಾಗಿ, ಸ್ವಚ್ಛತೆ ಸುಲಭವಾದ ಮೇಲೂ ತುರಿಕೆ ಉಳಿದರೆ ಆಗ ತೆಗೆಸುವ ಯೋಚನೆ ಮಾಡಬಹುದು. ಆ ಜಾಗಕ್ಕೆ ಕೊಡುವ ಲಿಗ್ನೊಕೇನ್ ಅರಿವಳಿಕೆಗಾಗಿ ಹಾಲು ನಿಲ್ಲಿಸಬೇಕಾಗಿಲ್ಲ. ಆರು ವಾರಗಳ ನಂತರದ ಮರುಪರೀಕ್ಷೆಯನ್ನು, ರಕ್ತ ನಿಂತಿದ್ದರೂ, ತಪ್ಪಿಸಬೇಡಿ.