600 ಎಂಎಂ ಲೆನ್ಸ್: ಮಧ್ಯಾಹ್ನದ ಫೋಟೊ ಎಲ್ಲಾ ಮಸುಕು, ಲೆನ್ಸ್‌ನದೇ ದೋಷವಾ? (ಬಗೆಹರಿದಿದೆ)

ಹುಣಸೆಮರ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹಳೇ ಡಿಎಸ್‌ಎಲ್‌ಆರ್ ಮಾರಿ 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿ ತಗೊಂಡೆ. ಜೊತೆಗೆ 600 ಎಂಎಂ ತನಕ ಹೋಗುವ ಜೂಮ್. ಎರಡು ವರ್ಷ ಕೂಡಿಟ್ಟ ದುಡ್ಡು. ಕಂಪನಿ ಹೆಸರು ಬರೆಯುವುದಿಲ್ಲ. ತಪ್ಪು ಯಾರದು ಅಂತ ಗೊತ್ತಾಗದೆ ಹೆಸರು ಹೇಳುವುದು ಸರಿಯಲ್ಲ.

ಕಳೆದ ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಪರಿಚಯದವರ ಮನೆಯ ತಾರಸಿ ಮೇಲೆ ಟ್ರೈಪಾಡ್ ಇಟ್ಟು, ಆಚೆ ಬೀದಿಯ ಹುಣಸೆಮರದಲ್ಲಿದ್ದ ಬಣ್ಣದ ಕೊಕ್ಕರೆ ಗೂಡುಗಳನ್ನು ತೆಗೆದೆ. ದೂರ ಸುಮಾರು 60 ಮೀಟರ್. ನಡುವೆ ನಾಲ್ಕೈದು ಮನೆಗಳ ಹೆಂಚು, ಶೀಟು. ಬೆಳಿಗ್ಗೆ ಏಳಕ್ಕೆ ತೆಗೆದವು ಪರವಾಗಿಲ್ಲ. ಹನ್ನೊಂದರಿಂದ ಒಂದೂವರೆ ತನಕ ತೆಗೆದ ಮುನ್ನೂರು ಫೋಟೊದಲ್ಲಿ ಒಂದೂ ಚೂಪಾಗಿಲ್ಲ. ಫೋಕಸ್ ಚೌಕ ಹಸಿರು ತೋರಿಸುತ್ತದೆ, ಸರಿಯಾಗಿ ಕಣ್ಣಿನ ಮೇಲೇ ಕೂರುತ್ತದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೂರು ಪರ್ಸೆಂಟ್ ಹಿಗ್ಗಿಸಿದರೆ ಪುಕ್ಕದ ಎಳೆ ಎಲ್ಲಾ ಕಲಸಿಹೋಗಿದೆ, ಒದ್ದೆ ಗೋಡೆ ಮೇಲೆ ಬಣ್ಣ ಬಳಿದ ಹಾಗೆ.

ಸೆಟ್ಟಿಂಗ್: 600 ಎಂಎಂ, ಎಫ್/6.3, 1/2000, ಐಎಸ್‌ಒ 320. ಸರ್ವಿಸ್ ಸೆಂಟರ್‌ಗೆ ಮುಂದಿನ ವಾರ ಕೊಡಬೇಕು ಅಂದುಕೊಂಡಿದ್ದೇನೆ. ಅದಕ್ಕೆ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು.

ಕ್ಯಾಮೆರಾ ಚೀಲ:
ಫ್ರಂಟ್ ಫೋಕಸ್, ಬ್ಯಾಕ್ ಫೋಕಸ್ ಸಮಸ್ಯೆ ಇರಬಹುದು ಸರ್. ಎಎಫ್ ಫೈನ್ ಟ್ಯೂನ್ (ಆಟೋಫೋಕಸ್ಸನ್ನು ಮೆನುವಿನಲ್ಲಿ ಚೂರು ಹಿಂದೆ ಮುಂದೆ ಸರಿಪಡಿಸುವುದು) ಮಾಡಿ ನೋಡಿ. ನನ್ನ 150-600 ಎಂಎಂ ಲೆನ್ಸ್‌ಗೆ +7 ಹಾಕಿದ ಮೇಲೆ ಸರಿಹೋಯಿತು.

ಹಳೇ ಲೆನ್ಸ್:
ಅದು ಡಿಎಸ್‌ಎಲ್‌ಆರ್ ಕಾಲದ ಮಾತು ಅಣ್ಣ. ಅಲ್ಲಿ ಫೋಕಸ್ ನೋಡುವ ಸೆನ್ಸರ್ ಕನ್ನಡಿಯ ಕೆಳಗೆ ಬೇರೆ ಇರುತ್ತಿತ್ತು. ಅದಕ್ಕೂ ಫೋಟೊ ಬೀಳುವ ಸೆನ್ಸರ್‌ಗೂ ಕೂದಲೆಳೆ ವ್ಯತ್ಯಾಸ ಬಂದರೂ ಫೋಕಸ್ ಹಿಂದೆ ಮುಂದೆ ಆಗುತ್ತಿತ್ತು. ಮಿರರ್‌ಲೆಸ್‌ನಲ್ಲಿ ಫೋಟೊ ಬೀಳುವ ಸೆನ್ಸರೇ ಫೋಕಸ್ ನೋಡುತ್ತದೆ. ಈಗಲೇ ಫೈನ್ ಟ್ಯೂನ್‌ಗೆ ಕೈ ಹಾಕಿದರೆ ಇನ್ನೊಂದು ಗೊಂದಲ ಸೇರುತ್ತದೆ ಅಷ್ಟೇ. ಅದೂ ಅಲ್ಲದೆ, ಫೈನ್ ಟ್ಯೂನ್ ತಪ್ಪಿದ್ದರೆ ಬೆಳಿಗ್ಗೆಯೂ ತಪ್ಪಬೇಕಿತ್ತು, ಅಲ್ವಾ?

ಹುಣಸೆಮರ, ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್, ಅಂದರೆ ಕೈ ನಡುಕ ಸರಿದೂಗಿಸುವ ವ್ಯವಸ್ಥೆ, ಆನ್ ಇತ್ತಾ? ನಿಕಾನ್‌ನಲ್ಲಿ ವಿಆರ್, ಕ್ಯಾನನ್‌ನಲ್ಲಿ ಐಎಸ್, ಸೋನಿಯಲ್ಲಿ ಓಎಸ್‌ಎಸ್ ಅಂತ ಬರೆದಿರುತ್ತದೆ. ಮುಂದೆ ಫಿಲ್ಟರ್ ಏನಾದರೂ ಹಾಕಿದ್ದೀರಾ?

ಹುಣಸೆಮರ:
ಆನ್ ಇತ್ತು. ಆಫ್ ಮಾಡಿಯೂ ಐವತ್ತು ತೆಗೆದೆ, ಅದೇ ಕಥೆ. ಫಿಲ್ಟರ್ ಇದೆ, 95 ಎಂಎಂ ಯುವಿ. ಮುಂದಿನ ಗಾಜಿಗೆ ಗೀರು ಬೀಳಬಾರದು ಅಂತ ಲೆನ್ಸ್ ತಗೊಂಡ ದಿನವೇ ಹಾಕಿಸಿದೆ. 900 ರೂಪಾಯಿ.

ಬೆಳಿಗ್ಗೆಯ ಒಂದು, ಮಧ್ಯಾಹ್ನದ ಎರಡು ಫೋಟೊ ಹಾಕಿದ್ದೇನೆ. ದಯವಿಟ್ಟು ನೋಡಿ.

ಶಿಂಷಾ ತೀರ:
ಮೂರೂ ಫೋಟೊ ದೊಡ್ಡದು ಮಾಡಿ ನೋಡಿದೆ. ನನಗನ್ನಿಸುವುದು, ಇಲ್ಲಿ ಎರಡು ಸಮಸ್ಯೆ ಒಂದರ ಮೇಲೊಂದು ಕೂತಿವೆ. ಬಿಡಿಸಿ ನೋಡಿದರೆ ಎರಡೂ ಬಗೆಹರಿಯುತ್ತವೆ.

ಮೊದಲು ಬೆಳಗಿನ ಫೋಟೊ. ಹಕ್ಕಿ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಹಿಂದೆ ಫೋಕಸ್ ಇಲ್ಲದ ಕಡೆ ನೋಡಿ. ಒಣಕಡ್ಡಿಗಳು ಮೆತ್ತಗೆ ಕರಗಬೇಕಿತ್ತು. ಒಂದೊಂದು ಕಡ್ಡಿಯೂ ಎರಡೆರಡು ಗೆರೆಯಾಗಿದೆ. ನನಗೆ ಫಿಲ್ಟರ್ ಮೇಲೆ ಅನುಮಾನ. ಅಷ್ಟು ಅಗಲದ ಗಾಜು ಪೂರ್ತಿ ಸಮತಟ್ಟಾಗಿರಬೇಕು. 50 ಎಂಎಂ ಲೆನ್ಸ್‌ಗೆ ಹಾಕಿದರೆ ಗೊತ್ತಾಗದ ಸಣ್ಣ ಅಂಕುಡೊಂಕನ್ನು 600 ಎಂಎಂ ಹಿಗ್ಗಿಸಿ ತೋರಿಸಿಬಿಡುತ್ತದೆ. ಗಾಜನ್ನು ಕಾಯಲು ಲೆನ್ಸ್ ಹುಡ್ (ಮುಂದೆ ಹಾಕುವ ಕೊಳವೆಯಂಥ ಮರೆ) ಸಾಕು. ಫಿಲ್ಟರ್ ಬಿಚ್ಚಿಡಿ.

ಇನ್ನು ಮಧ್ಯಾಹ್ನದ ಫೋಟೊಗಳು. ಇವಕ್ಕೆ ಫಿಲ್ಟರ್ ಒಂದೇ ಕಾರಣ ಅಲ್ಲ. ನೀವು ನಿಂತಿದ್ದು ಕಾದ ತಾರಸಿ ಮೇಲೆ. ಮುಂದೆ ಕಾದ ಹೆಂಚು, ಕಾದ ಶೀಟು. ದೋಸೆ ಕಾವಲಿ ಕಾದಾಗ ಅದರ ಮೇಲಿಂದ ಆಚೆ ಗೋಡೆ ನೋಡಿದ್ದೀರಲ್ಲ, ಗೋಡೆಯೇ ಕುಣಿದ ಹಾಗೆ ಕಾಣುತ್ತದೆ. ಮಾರ್ಚ್ ಮಧ್ಯಾಹ್ನದ ಊರು ಅಂದರೆ ಅಂಥ ನಾಲ್ಕೈದು ಕಾವಲಿ ಸಾಲಾಗಿ ಇಟ್ಟ ಹಾಗೆ. ಬಿಸಿ ಗಾಳಿ ತೆಳು, ತಣ್ಣನೆಯದು ದಟ್ಟ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬೆಳಕು ಚೂರು ಬಾಗುತ್ತದೆ. ಟಾರು ರಸ್ತೆಯ ಮೇಲೆ ಬಿಸಿಲ್ಗುದುರೆ ಕಾಣುವುದೂ ಹೀಗೇ.

ಹಳೇ ಕ್ಯಾಮೆರಾದಲ್ಲಿ ಇದು ಯಾಕೆ ಕಾಣಲಿಲ್ಲ ಅಂತ ಕೇಳಬಹುದು. ಲೆಕ್ಕ ಹೇಳುತ್ತೇನೆ. 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಒಂದು ಪಿಕ್ಸೆಲ್ ಅಗಲ ಸುಮಾರು 4.35 ಮೈಕ್ರಾನ್. 600 ಎಂಎಂನಲ್ಲಿ, 60 ಮೀಟರ್ ದೂರದಲ್ಲಿ, ಒಂದು ಪಿಕ್ಸೆಲ್‌ಗೆ ಸಿಗುವುದು ಹಕ್ಕಿಯ ಮೈಮೇಲಿನ ಅರ್ಧ ಮಿಲಿಮೀಟರ್‌ಗೂ ಕಡಿಮೆ ಜಾಗ. ಗಾಳಿ ಅಷ್ಟು ಅಲುಗಿಸಿದರೂ ಸಾಕು, ಪುಕ್ಕದ ಎಳೆ ಹೋಯಿತು. ಹೊಸ ಕ್ಯಾಮೆರಾ ಕೆಟ್ಟಿಲ್ಲ. ಹಳೆಯದಕ್ಕೆ ಕಾಣದಿದ್ದ ಗಾಳಿ ಇದಕ್ಕೆ ಕಾಣುತ್ತಿದೆ.

ಶಟರ್ ಸ್ಪೀಡ್ ಜಾಸ್ತಿ ಮಾಡಿದರೆ ಹೋಗುವುದಿಲ್ಲ. 1/4000 ಇಟ್ಟರೂ ಬಾಗಿದ ಬೆಳಕು ಬಾಗಿದ ಹಾಗೇ ಫೋಟೊಗೆ ಬರುತ್ತದೆ.

ನಂಬುವ ಮೊದಲು ನೀವೇ ಪರೀಕ್ಷೆ ಮಾಡಿ. ಟ್ರೈಪಾಡ್ ಮೇಲೆ ಗಟ್ಟಿಯಾಗಿ ಕೂರಿಸಿ, ಕದಲದೆ ಕೂತ ಹಕ್ಕಿಗೆ ಒಂದು ಸಲ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಹಾಕಿ, ಒಂದೇ ಉಸಿರಿನಲ್ಲಿ 20 ಫ್ರೇಮ್ ಬರ್ಸ್ಟ್ ತೆಗೆಯಿರಿ. ಇಪ್ಪತ್ತೂ ಒಂದೇ ಥರ ಮಸುಕಾಗಿದ್ದರೆ ಲೆನ್ಸ್, ಫಿಲ್ಟರ್ ಅಥವಾ ಫೋಕಸ್. ಒಂದೊಂದು ಒಂದೊಂದು ಥರ ಇದ್ದರೆ ಗಾಳಿ. ಕೊಕ್ಕಿನ ಅಂಚನ್ನೇ ನೋಡುತ್ತಾ ಹೋಗಿ. ಒಂದರಲ್ಲಿ ಗರಗಸದ ಹಾಗಿರುತ್ತದೆ, ಮುಂದಿನದರಲ್ಲಿ ನೆಟ್ಟಗಿರುತ್ತದೆ.

ಲೆನ್ಸ್‌ಗೆ ಬೇರೆ ಪರೀಕ್ಷೆ. ಬೆಳಿಗ್ಗೆ ಬಿಸಿಲೇರುವ ಮುಂಚೆ, 12 ಮೀಟರ್ ದೂರದ ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ. ಸ್ಟೆಬಿಲೈಸೇಶನ್ ಆಫ್, ಎರಡು ಸೆಕೆಂಡ್ ಟೈಮರ್. ಫಿಲ್ಟರ್ ಹಾಕಿ ಒಂದಷ್ಟು, ತೆಗೆದು ಒಂದಷ್ಟು. ಸರ್ವಿಸ್ ಸೆಂಟರ್‌ಗೆ ಆಮೇಲೆ ಹೋಗುವಿರಂತೆ.

ಕ್ಯಾಮೆರಾ ಚೀಲ:
ಇಷ್ಟು ವಿವರ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್ ಸರ್. ಹಾಗಾದರೆ ಲೆನ್ಸ್‌ಗೂ ಬಾಡಿಗೂ ನಡುವೆ 1.4 ಪಟ್ಟು ಹಿಗ್ಗಿಸುವ ಟೆಲಿಕನ್ವರ್ಟರ್ ಹಾಕಿದರೆ ಹಕ್ಕಿ ದೊಡ್ಡದಾಗಿ ಕಾಣಿಸಿ ಸ್ವಲ್ಪ ಅನುಕೂಲ ಆಗುತ್ತದಾ?

ಶಿಂಷಾ ತೀರ:
ಇಲ್ಲ. ಹಕ್ಕಿಯ ಜೊತೆ ಝಳವೂ ಅಷ್ಟೇ ಹಿಗ್ಗುತ್ತದೆ. ಎಫ್/6.3 ಹೋಗಿ ಎಫ್/9 ಆಗುತ್ತದೆ, ಫೋಕಸ್ ಇನ್ನೂ ತಡಕಾಡುತ್ತದೆ. ಆ ದುಡ್ಡು ಉಳಿಸಿ.

ಬೆಳಗಿನ ಬೆಳಕು:
ಒಂದು ವಿಷಯ ಸೇರಿಸುತ್ತೇನೆ. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ತೆಗೆಯಬೇಡಿ. ಲೆನ್ಸ್ ತಣ್ಣಗಿರುತ್ತದೆ, ಹೊರಗೆ ಕಾದಿರುತ್ತದೆ. ಉದ್ದ ಹುಡ್‌ನ ಒಳಗೇ ಬಿಸಿ ತಣ್ಣನೆಯ ಗಾಳಿ ಸುತ್ತುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಇಡಿ. ನಾನು ಇದರಿಂದಲೇ ಒಂದು ಇಡೀ ಬೆಳಿಗ್ಗೆ ಕಳಕೊಂಡಿದ್ದೇನೆ.

ಹುಣಸೆಮರ:
ಪೇಪರ್ ಪರೀಕ್ಷೆ ಇವತ್ತು ಬೆಳಿಗ್ಗೆ ಆರೂವರೆಗೆ ಮಾಡಿದೆ. ಫಿಲ್ಟರ್ ತೆಗೆದಾಗ 'ದ' ಮತ್ತು 'ಧ' ನಡುವಿನ ಆ ಸಣ್ಣ ಸೀಳು ಕೂಡ ಕಾಣುತ್ತದೆ. ಫಿಲ್ಟರ್ ಹಾಕಿದರೆ ಎರಡೂ ಒಂದೇ ಅಕ್ಷರ. ನಾಲ್ಕು ಸಲ ಹಾಕಿ ತೆಗೆದು ನೋಡಿದೆ, ನಾಲ್ಕೂ ಸಲ ಹಾಗೇ. ಅಂದರೆ ಲೆನ್ಸ್ ಚೆನ್ನಾಗಿದೆ! ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಆದರೆ ಒಂದು ಪ್ರಶ್ನೆ ಉಳಿಯಿತು. ನನಗೆ ಬೇಕಿದ್ದದ್ದೇ ಮಧ್ಯಾಹ್ನದ ಫೋಟೊ. ಬಿಸಿಲು ನೆತ್ತಿಗೆ ಬಂದಾಗ ತಾಯಿ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಹರಡಿ ನಿಲ್ಲುತ್ತದೆ, ಮರಿಗಳಿಗೆ ನೆರಳಾಗಲಿ ಅಂತ. ಅದನ್ನು ಬೆಳಿಗ್ಗೆ ಏಳಕ್ಕೆ ತೆಗೆಯಲು ಆಗುವುದಿಲ್ಲವಲ್ಲ.

ಶಿಂಷಾ ತೀರ:
ಒಳ್ಳೆಯ ಆಸೆ. ಅದಕ್ಕೆ ಲೆನ್ಸ್ ಬದಲಾಯಿಸಬೇಡಿ, ನಿಲ್ಲುವ ಜಾಗ ಬದಲಾಯಿಸಿ. ಕೊಕ್ಕರೆ ಬೆಳ್ಳೂರಿನ ಭಾಗ್ಯ ಏನೆಂದರೆ ಹಕ್ಕಿಗಳು ಊರೊಳಗೇ ಗೂಡು ಕಟ್ಟುತ್ತವೆ. ಬೇರೆ ಕಡೆ 60 ಮೀಟರ್ ದೂರವೇ ಗತಿ, ಇಲ್ಲಿ 20 ಮೀಟರ್‌ನಲ್ಲೇ ಸಿಗುತ್ತವೆ. ತಾರಸಿಯಿಂದ ಇಳಿಯಿರಿ. ಬೀದಿಯಲ್ಲಿ ಇನ್ನೊಂದು ಮರದ ನೆರಳು ಹುಡುಕಿ, ಮಣ್ಣು ನೆಲ ಇರುವ ಕಡೆ ನಿಂತು, ಮೇಲ್ಮುಖವಾಗಿ ತೆಗೆಯಿರಿ. ಆಗ ಬೆಳಕು ಕಾದ ಮಾಡುಗಳ ಮೇಲೆ ಹಾದು ಬರುವುದಿಲ್ಲ. 300, 400 ಎಂಎಂ ಸಾಕು. ಗಾಳಿ ಬೀಸಿದಾಗ, ಮೋಡ ಅಡ್ಡ ಬಂದಾಗ ಬರ್ಸ್ಟ್ ಹೊಡೆಯಿರಿ. ನೂರಕ್ಕೆ ಐದು ಉಳಿದರೂ ಲಾಭವೇ.

ಗೂಡಿರುವ ಮರದ ಬುಡಕ್ಕೇ ಹೋಗಿ ಗುಂಪು ಕಟ್ಟಬೇಡಿ. ಅವು ಜನರಿಗೆ ಒಗ್ಗಿಕೊಂಡಿವೆ ನಿಜ. ಆದರೆ ಆ ಹೊತ್ತಿನಲ್ಲಿ ತಾಯಿ ಬೆದರಿ ಎದ್ದರೆ ಮರಿ ನೇರ ಬಿಸಿಲಿಗೆ ಬೀಳುತ್ತದೆ. ಹಕ್ಕಿ ಕತ್ತು ನೀಳ ಮಾಡಿ ನಿಮ್ಮನ್ನೇ ದಿಟ್ಟಿಸಿದರೆ ಹಿಂದೆ ಸರಿಯಿರಿ.

ಹುಣಸೆಮರ:
ಮತ್ತೆ ಹೋಗಿ ಬಂದೆ. ಮೊದಲು ತಾರಸಿ ಮೇಲೆ ಬರ್ಸ್ಟ್ ಪರೀಕ್ಷೆ, ಫಿಲ್ಟರ್ ಇಲ್ಲದೆ. ನೀವು ಹೇಳಿದ ಹಾಗೇ ಆಯಿತು. ಆರನೇ ಫ್ರೇಮ್‌ನಲ್ಲಿ ಕೊಕ್ಕಿನ ತುದಿ ಗರಗಸ, ಏಳರಲ್ಲಿ ನೆಟ್ಟಗೆ, ಎಂಟರಲ್ಲಿ ಮತ್ತೆ ಗರಗಸ.

ಆಮೇಲೆ ಬೀದಿಗಿಳಿದೆ. ಒಂದು ಬೇವಿನ ಮರದ ನೆರಳಿನಲ್ಲಿ, ಗೂಡಿನಿಂದ ಸುಮಾರು 25 ಮೀಟರ್, 400 ಎಂಎಂ. ಒಂದೂವರೆ ಗಂಟೆಯಲ್ಲಿ 140 ಫ್ರೇಮ್, ಅದರಲ್ಲಿ ಆರು ಚೂಪು. ಒಂದನ್ನು ಇಲ್ಲಿ ಹಾಕಿದ್ದೇನೆ. ರೆಕ್ಕೆಯ ನೆರಳಿನ ಗೆರೆ ಮರಿಯ ತಲೆ ಮೇಲೆ ಅಡ್ಡ ಬಿದ್ದಿದೆ ನೋಡಿ. ನೆರಳಿನಿಂದ ಆಚೆ ಇರುವ ತುಪ್ಪಳ ಒಂದೊಂದು ಎಳೆಯಾಗಿ ಎಣಿಸಬಹುದು.

ಸರ್ವಿಸ್ ಸೆಂಟರ್ ಬುಕಿಂಗ್ ರದ್ದು ಮಾಡಿದೆ. ಶೀರ್ಷಿಕೆಯಲ್ಲಿ 'ಬಗೆಹರಿದಿದೆ' ಸೇರಿಸಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕ್ಯಾಮೆರಾ ಚೀಲ:
ಅದ್ಭುತ ಫೋಟೊ! ಮುಂದಿನ ವಾರ ನಾನು ಕಬಿನಿ ಸಫಾರಿಗೆ ಹೋಗುತ್ತಿದ್ದೇನೆ. ಜೀಪಿನಲ್ಲೂ ಈ ಝಳದ ಕಾಟ ಇರುತ್ತದಾ?

ಶಿಂಷಾ ತೀರ:
ಇರುತ್ತದೆ. ಇಂಜಿನ್ ಆಫ್ ಮಾಡಿದ ಮೇಲೂ ಬಾನೆಟ್ ತುಂಬಾ ಹೊತ್ತು ಬಿಸಿ ಇರುತ್ತದೆ. ಅದರ ಮೇಲಿಂದ ಮುಂದಕ್ಕೆ ತೆಗೆಯಬೇಡಿ, ಪಕ್ಕದಿಂದ ತೆಗೆಯಿರಿ. ಹೊರಡುವ ಮುಂಚೆ ಆ 150-600ರ ಫಿಲ್ಟರ್ ಕೂಡ ಒಂದು ಸಲ ಪೇಪರ್ ಮುಂದೆ ಹಿಡಿದು ನೋಡಿ.