ಪ್ರಶ್ನೋತ್ತರ: ಹಳೇ ಪೇಟೆ ಮನೆ ಅಟ್ಟ ಬಾಡಿಗೆಗೆ ತಗೋಬಹುದಾ? ಇಂಜಿನಿಯರ್‌ನ ಕೇಳಿ

ಅಡ್ಮಿನ್: ನಮ್ಮ ತುಮಕೂರಿನ ಚಿಕ್ಕಪೇಟೆ, ಮಂಡಿಪೇಟೆ ಕಡೆ ಹಳೇ ಮನೆ ಅಟ್ಟಕ್ಕೆ ಟೈಲ್ಸ್ ಹಾಕ್ಸಿ "ಲಾಫ್ಟ್ ಅಪಾರ್ಟ್‌ಮೆಂಟ್" ಅಂತ ಬಾಡಿಗೆಗೆ ಕೊಡ್ತಿದಾರೆ, ತಗೋಬಹುದಾ ಅಂತ ಸುಮಾರು ಜನ ಕೇಳಿದ್ರಿ. ಹಳೇ ಕಟ್ಟಡ ರಿಪೇರಿ ಮಾಡೋ ನಮ್ಮ ಗುಂಪಿನ ಸಿವಿಲ್ ಇಂಜಿನಿಯರ್ ಇವತ್ತು 4ರಿಂದ 6ರ ತನಕ ಇಲ್ಲೇ ಇರ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಟ್ರೈನ್ ಪಾಸ್: ಸರ್ ದಿನಾ ಬೆಂಗಳೂರಿಗೆ ಓಡಾಡ್ತೀನಿ, ಸ್ಟೇಷನ್‌ಗೆ ಹತ್ರ ಅಂತ ಒಂದು ಅಟ್ಟ ನೋಡಿದೀನಿ. ಏನೇನು ನೋಡ್ಬೇಕು?

ಇಂಜಿನಿಯರ್: ಒಳಗೆ ಹೋದ ತಕ್ಷಣ ತಲೆ ಎತ್ತಿ. ಜಂತೆ, ಅಂದ್ರೆ ಸೂರು ಹೊರೋ ಅಡ್ಡ ಮರ, ಗೋಡೆ ಒಳಗೆ ಹೋಗೋ ಜಾಗ ಇದ್ಯಲ್ಲ, ಅಲ್ಲಿ ಕಪ್ಪು ಕಲೆ ಇದ್ರೆ ಅಥವಾ ಅಷ್ಟಕ್ಕೆ ಮಾತ್ರ ಹೊಸ ಪೇಂಟ್ ಬಳಿದಿದ್ರೆ ಯಾಕೆ ಅಂತ ಕೇಳಿ. ನೀರಿನ ಟ್ಯಾಂಕ್ ಯಾವುದರ ಮೇಲೆ ಕೂತಿದೆ ನೋಡಿ. ಮೆಟ್ಟಿಲು ಒಂದೇ ಇದ್ದು ಅದೂ ಮರದ್ದಾಗಿದ್ರೆ ಗ್ಯಾಸ್ ಸಿಲಿಂಡರ್ ಎಲ್ಲಿಡ್ತಾರೆ ಅಂತ ನೋಡಿ. ಮಂಗಳೂರು ಹೆಂಚಿನ ಕೆಳಗೆ ಏಪ್ರಿಲ್‌ನಲ್ಲಿ ಮಧ್ಯಾಹ್ನ 2 ಗಂಟೆಗೆ ಹೋಗಿ ಕೂತ್ಕೊಳ್ಳಿ, ಬಾಡಿಗೆ ತಾನಾಗೇ ಕಮ್ಮಿ ಮಾಡಿಸ್ತೀರ.

ಹೊರಪೇಟೆ ಅಕ್ಕ: ಗೋಡೆ ತೇವ ಬರ್ತಿದೆ, ಯಾವ ವಾಟರ್‌ಪ್ರೂಫ್ ಪೇಂಟ್ ಒಳ್ಳೇದು?

ಇಂಜಿನಿಯರ್: ಮಣ್ಣು, ಸುಣ್ಣದ ಗೋಡೆಗೆ ಯಾವುದೂ ಬೇಡ. ಆ ಗೋಡೆ ಉಸಿರಾಡ್ಬೇಕು. ಮೇಲೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ನೀರು ಒಳಗೇ ಉಳಿದು ಮೇಲಕ್ಕೆ ಹತ್ತುತ್ತೆ. ಮೊದಲು ನೀರು ಎಲ್ಲಿಂದ ಬರ್ತಿದೆ ಹುಡುಕಿ, ಆಮೇಲೆ ಸುಣ್ಣ ಹೊಡೆಸಿ.

ಚಿಕ್ಕಪೇಟೆ ಬಾಡಿಗೆ: ಸರ್, ನಾವಿಬ್ರು ಹುಡುಗೀರು ಅಟ್ಟದಲ್ಲಿದೀವಿ. ಕೆಳಗೆ ಅಂಗಡಿ ಗೋಡೌನ್. ನಮ್ಮ ನೆಲ ಮದ್ರಾಸ್ ತಾರಸಿ ಅಂತಾರೆ ಓನರ್, ಅದರ ಮೇಲೇ ಹೋದ ವರ್ಷ ಬಾತ್‌ರೂಮ್ ಕಟ್ಟಿ, ಪಕ್ಕದಲ್ಲಿ ಇಟ್ಟಿಗೆ ಕಟ್ಟೆ ಹಾಕಿ 1000 ಲೀಟರ್ ಟ್ಯಾಂಕ್ ಇಟ್ಟಿದಾರೆ. ಹದಿನೈದು ದಿನದಿಂದ ಬಾತ್‌ರೂಮ್ ಬಾಗಿಲು ನೆಲಕ್ಕೆ ಉಜ್ತಿದೆ. ಗೋಡೌನಲ್ಲಿ ಅಕ್ಕಿ ಮೂಟೆ ಮೇಲೆ ರವೆ ತರ ಏನೋ ಉದುರುತ್ತೆ ಅಂತ ಅಂಗಡಿಯವರು ನಮಗೆ ಬೈತಾರೆ, ನಾವು ಕಸ ಗುಡಿಸಿ ಕೆಳಗೆ ಹಾಕ್ತೀವಿ ಅಂತ.

ಜ್ಞಾನಭಂಡಾರ: ಗೆದ್ದಲಿಗೆ ಸೀಮೆಎಣ್ಣೆ + ಕರ್ಪೂರ ಕಲಸಿ ಜಂತೆಗೆ ಸುರೀರಿ, 3 ದಿನದಲ್ಲಿ ಮಾಯ!! ಎಲ್ಲರಿಗೂ ಶೇರ್ ಮಾಡಿ 🙏

ಇಂಜಿನಿಯರ್: ಸ್ವಾಮಿ, ಒಣಗಿದ ಮರ, ಒಂದೇ ಮೆಟ್ಟಿಲು, ಮೇಲೆ ಗ್ಯಾಸ್ ಒಲೆ, ಅದಕ್ಕೆ ಸೀಮೆಎಣ್ಣೆ ಬೇರೆ ಸುರಿಸ್ತೀರ? ಹುಳ ಇರೋದು ಮರದ ಹೊಟ್ಟೆಯಲ್ಲಿ, ನಿಮ್ಮ ಎಣ್ಣೆ ಚರ್ಮ ದಾಟಲ್ಲ. ಯಾರೂ ಮಾಡ್ಬೇಡಿ ಇದನ್ನ.

ಚಿಕ್ಕಪೇಟೆಯವರು ಗಮನ ಕೊಟ್ಟು ಓದಿ. ಮದ್ರಾಸ್ ತಾರಸಿ ಅಂದ್ರೆ ತೊಲೆ, ಅದರ ಮೇಲೆ ಜಂತೆ, ಜಂತೆ ಮೇಲೆ ತೆಳು ಇಟ್ಟಿಗೆನ ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿರ್ತಾರೆ, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ. ತುಂಬಾ ಗಟ್ಟಿ ಕೆಲಸ, ಬೈಯೋ ಹಂಗೇ ಇಲ್ಲ, ಆದ್ರೆ ಭಾರ ಎಲ್ಲಾ ಕೊನೆಗೆ ಹೋಗಿ ಕೂರೋದು ಗೋಡೆ ಒಳಗಿರೋ ಒಂದು ಗೇಣು ಮರದ ತುದಿ ಮೇಲೆ. ಈಗಿನ ಕಟ್ಟಡ ಕೋಡ್ ಪ್ರಕಾರ ವಾಸದ ರೂಮಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಓಡಾಟದ ಭಾರ (ಜನ, ಸಾಮಾನು) ಅಂತ ಲೆಕ್ಕ ಹಿಡೀತೀವಿ. ನಿಮ್ಮ ಟ್ಯಾಂಕ್ ತುಂಬಿದ್ರೆ ಬರೀ ನೀರೇ ಒಂದು ಟನ್, ಕೂತಿರೋದು ಹೆಚ್ಚುಕಮ್ಮಿ ಒಂದು ಚದರ ಮೀಟರ್ ಮೇಲೆ. ಐದು ಪಟ್ಟು! ಬಾತ್‌ರೂಮ್ ನೆಲಕ್ಕೆ ತುಂಬಿರೋ ಇಟ್ಟಿಗೆ, ಸಿಮೆಂಟು ಬೇರೆ. ಬಾತ್‌ರೂಮ್ ನೀರು ಸೋರಿ ಜಂತೆ ತುದಿ ನೆನೆದ್ರೆ ಹೊರಗೆ ಚೆಂದ ಕಾಣ್ತಾನೇ ಒಳಗೆ ಕೊಳೆಯುತ್ತೆ. ರವೆ ತರ ಗುಂಡು ಕಾಳು ಅಂದ್ರೆ ಮರದ ಒಳಗೇ ಗೂಡು ಮಾಡೋ ಗೆದ್ದಲಿನ ಹಿಕ್ಕೆ ಇರಬಹುದು. ನನಗೆ ಅದಕ್ಕಿಂತ ಚಿಂತೆ ಬಾಗಿಲಿಂದು. ನೆಲ ಇಳೀದೆ ಬಾಗಿಲು ಹಂಗೆ ಸುಮ್ಮನೆ ಉಜ್ಜಲ್ಲ, ಮಳೆಗೆ ಮರ ಉಬ್ಬಿದ್ರೆ ಬೇರೆ ಮಾತು.

ಅಂಗಡಿಯವರನ್ನ ಕೇಳಿ ಕೆಳಗೆ ಹೋಗಿ. ಬಾತ್‌ರೂಮ್ ಕೆಳಗಿನ ಜಂತೆನ, ಗೋಡೆ ಹತ್ರ, ಸ್ಕ್ರೂಡ್ರೈವರ್ ತಗೊಂಡು ಮೆಲ್ಲಗೆ ಚುಚ್ಚಿ. ಎಷ್ಟು ಒಳಗೆ ಹೋಯ್ತು ಬರೀರಿ.

ನಾನೂ ಓನರ್: ಒಂದು ಬಾಗಿಲು ಉಜ್ಜಿದ್ದಕ್ಕೆ ಇಷ್ಟು ಗಾಬರಿ ಬೇಕಾ? ನಮ್ಮಜ್ಜನ ಕಾಲದ ಮನೆ ಹಂಗೇ ನಿಂತೈತೆ.

ಗುಮಾಸ್ತ: ನಿಮ್ಮಜ್ಜ ಅಟ್ಟದಲ್ಲಿ ಹುಣಸೆಹಣ್ಣು, ರಾಗಿ ಇಟ್ಟಿದ್ರು, ಕಮೋಡ್ ಇಟ್ಟಿರ್ಲಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ 108(ಎಫ್) ಓದಿ. ಓನರ್ ಮಾಡಲೇಬೇಕಾದ ರಿಪೇರಿನ ನೋಟಿಸ್ ಕೊಟ್ರೂ ಮಾಡ್ಲಿಲ್ಲ ಅಂದ್ರೆ ಬಾಡಿಗೆದಾರ ಮಾಡ್ಸಿ ಬಾಡಿಗೇಲಿ ಮುರ್ಕೋಬಹುದು.

ನಾನೂ ಓನರ್: ಮುರ್ಕೊಳ್ಳಿ ನೋಡೋಣ, ಮಾರನೇ ದಿನ ಸಾಮಾನು ಬೀದೀಲಿರುತ್ತೆ.

ಗುಮಾಸ್ತ: ಇದನ್ನ ಸ್ಕ್ರೀನ್‌ಶಾಟ್ ತಗೊಂಡಿದೀನಿ.

ಟ್ರೈನ್ ಪಾಸ್: ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ ಮಾಡ್ತಾರೆ ಸರ್?

ಇಂಜಿನಿಯರ್: ನಾನು ವಕೀಲ ಅಲ್ಲ.

ಗುಮಾಸ್ತ: ವರ್ಷ ದಾಟಿದ್ರೆ ನೋಂದಣಿ ಕಡ್ಡಾಯ, ಆ ಖರ್ಚು ಉಳಿಸೋಕೆ.

ಮನೆಮದ್ದು ಮನೆ: ಬಿರುಕಿಗೆ ಸುಣ್ಣ, ಬೆಲ್ಲ, ಮೊಟ್ಟೆ ಲೋಳೆ ಹಚ್ಚಿ, ರಾಜರ ಕಾಲದ ಟೆಕ್ನಿಕ್, ಸಿಮೆಂಟ್ ಕಂಪ್ನಿಯವರು ಮುಚ್ಚಿಟ್ಟಿರೋ ಸತ್ಯ!

ಇಂಜಿನಿಯರ್: ಬೆಲ್ಲ, ಅಳಲೆಕಾಯಿ ನೀರು ಗಾರೆಗೆ ಹಾಕ್ತಿದ್ದಿದ್ದು ನಿಜ. ಸುಣ್ಣ ದಿನಗಟ್ಟಲೆ ಕೊಳೆಹಾಕಿ, ಅರೆದು, ಕಟ್ಟೋವಾಗ ಹಾಕ್ತಿದ್ರು. ಬಿರುಕಿಗೆ ಬೆಲ್ಲ ಸವರಿದ್ರೆ ಇರುವೆ ಬರ್ತವೆ. ಬಿರುಕು ಮುಚ್ಚೋದಕ್ಕಿಂತ ಮುಂಚೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೀರಿ, ಬೆಳೀತಿದ್ಯಾ ಅಂತ ಗೊತ್ತಾಗ್ಲಿ. ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಎದ್ದು ಹೋಗ್ತೀನಿ.

ಸೋಮೇಶ್ವರ ಭಕ್ತ: ವಾಸ್ತು ಪ್ರಕಾರ ಅಟ್ಟದಲ್ಲಿ ಮಲಗಬಹುದಾ?

ಗುಬ್ಬಿ ಗೇಟ್: ತೇವಕ್ಕೆ ಯಾವ ಪೇಂಟ್ ಸರ್?

ಇಂಜಿನಿಯರ್: ಮೇಲೆ ಓದಿ.

ನಾನೂ ಓನರ್: ಈ ಬಾಡಿಗೆಯವರು ದಿನಕ್ಕೆ ಮೂರು ಸಲ ಸ್ನಾನ ಮಾಡಿ ನೀರು ಚೆಲ್ಲಿರ್ತಾರೆ, ಜಂತೆ ಕೊಳೀದೆ ಇನ್ನೇನಾಗುತ್ತೆ.

ಹೊರಪೇಟೆ ಅಕ್ಕ: ಸ್ನಾನಕ್ಕೂ ಅಡ್ವಾನ್ಸ್ ಕೊಡ್ಬೇಕೇನ್ರಿ ನಿಮಗೆ? ನಾಚಿಕೆ ಇಲ್ವಾ?

ಅಡ್ಮಿನ್: ಇಬ್ರೂ ನಿಲ್ಲಿಸಿ.

ಚಿಕ್ಕಪೇಟೆ ಬಾಡಿಗೆ: ಸರ್, ಚುಚ್ಚಿದೆ. ಮೂರು ಜಂತೆ ಸರಿ ಇವೆ, ಟಣ್ ಅಂತಾವೆ. ಟ್ಯಾಂಕ್ ಕೆಳಗಿನ ಎರಡರಲ್ಲಿ ಸ್ಕ್ರೂಡ್ರೈವರ್ ಹಳದಿ ಹಿಡಿ ತನಕ ಹೋಯ್ತು, ಹೊರಗೆ ತೆಗೆದ್ರೆ ತುದಿ ಒದ್ದೆ. ಅಂಗಡಿಯವರು ಈಗ ಬೈಯೋದು ಬಿಟ್ಟು ಮೂಟೆ ಎಳೀತಿದಾರೆ.

ಇಂಜಿನಿಯರ್: ಮೊದಲು ಎಲ್ರೂ ಆ ಜಾಗದ ಕೆಳಗಿನಿಂದ ಆಚೆ ಬನ್ನಿ, ಮೂಟೆ ಹಾಳಾಗಿ ಹೋಗ್ಲಿ. ನಲ್ಲಿ ತಿರುಗಿಸಿ ಟ್ಯಾಂಕ್ ನೀರೆಲ್ಲಾ ಮೋರಿಗೆ ಬಿಡಿ, ನೆಲದ ಮೇಲೆ ಚೆಲ್ಬೇಡಿ. ಮೋಟರ್ ಹಾಕ್ಬೇಡಿ ಅಂತ ಓನರ್‌ಗೆ ಹೇಳಿ. ಇವತ್ತು ರಾತ್ರಿ ಬೇರೆ ಕಡೆ ಮಲಗಿ. ಕೆಳಗಿಂದ ಸರ್ವೆ ಮರನೋ ಕಬ್ಬಿಣದ ಜಾಕಿನೋ ಕೊಟ್ಟು ಆನಿಸೋದು ನಮ್ಮ ಕೆಲಸ, ನೀವು ಯಾರೂ ಕೈ ಹಾಕ್ಬೇಡಿ.

ನಾನೂ ಓನರ್: ಸರ್ ನಮ್ಮನೇದೂ ಒಂದ್ಸಲ ನೋಡ್ತೀರಾ? ಟ್ಯಾಂಕ್ 500 ಲೀಟರ್ ಅಷ್ಟೇ.

ಮಂಡಿಪೇಟೆ ಹುಡ್ಗ: ಸರ್ ಯಾವ ಪೇಂಟ್ ಅಂದ್ರಿ?

ಚಿಕ್ಕಪೇಟೆ ಬಾಡಿಗೆ: ನೀರು ಖಾಲಿ ಆಯ್ತು ಸರ್. ಯಾಕೆ ಮೋರಿಗೆ ಬಿಡ್ತಿದೀರಾ ಅಂತ ಓನರ್ ಕೂಗಾಡ್ತಿದಾರೆ. ಇನ್ನೊಂದು ವಿಷಯ, ಬಾತ್‌ರೂಮ್ ಬಾಗಿಲು ಈಗ ಉಜ್ತಿಲ್ಲ, ಸಲೀಸಾಗಿ ಹಾಕ್ಕೊಂತು.

ಇಂಜಿನಿಯರ್: ಹಂಗಾದ್ರೆ ಮಳೆಗೆ ಉಬ್ಬಿದ್ದಲ್ಲ. ಹಾಸಿಗೆ ಸುತ್ತಿ, ಈಗಲೇ ಇಳೀರಿ. ಫೋನ್ ಓನರ್ ಕೈಗೆ ಕೊಡಿ.