ಪದಚರ್ಚೆ: ರೆಕ್ಟಿಫೈಯರ್‌ಗೆ ಕನ್ನಡವೇನು? 'ಚಾರ್ಜ್ ಆಗುತ್ತಿಲ್ಲ' ಎಂದರೆ ಸಾಕೇ?

ಪ್ರಶ್ನೆ:
ಕೋಲಾರದಲ್ಲಿ ಬೈಕ್ ದುರಸ್ತಿ ಕಲಿಯುವ ಹುಡುಗರಿಗಾಗಿ ಚಾರ್ಜಿಂಗ್ ದೋಷಗಳನ್ನು ಪತ್ತೆಹಚ್ಚುವ ಗೋಡೆಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಸ್ಟೇಟರ್ (ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ತಂತಿಸುರುಳಿಗಳು) ಕೊಡುವ ಎ.ಸಿ.ಯನ್ನು, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತನ್ನು, ಒಂದೇ ದಿಕ್ಕಿನ ಡಿ.ಸಿ.ಗೆ ತಿರುಗಿಸುವ ರೆಕ್ಟಿಫೈಯರ್‌ಗೆ 'ಏಕಮುಖೀಕಾರಕ' ಎಂದು ಬರೆಯಲೇ? 'ಚಾರ್ಜ್ ಆಗುತ್ತಿಲ್ಲ' ಎಂಬ ತಲೆಬರಹ ಸಾಕೇ?

ಮೊದಲ ಉತ್ತರ:
'ಏಕಮುಖೀಕಾರಕ' ಬೇಡ. ಹಿಂದಿಯ 'ದಿಷ್ಟಕಾರಿ'ಯಂತೂ ಬೇಡವೇ ಬೇಡ. ಮೂಲದ ಲ್ಯಾಟಿನ್ 'ರೆಕ್ಟಸ್' ಎಂದರೆ ನೆಟ್ಟಗಿರುವುದು; ಅದಕ್ಕೆ ಸಮನಾಗಿ ನಮ್ಮಲ್ಲಿ 'ನೇರ್' ಇದೆ, 'ನೇರ್ಪಡಿಸು' ಎಂಬ ಕ್ರಿಯಾಪದವೂ ಇದೆ. 'ನೇರ್ಪಡಿಕ' ಎಂದು ಬರೆಯಿರಿ. ಡಿ.ಸಿ.ಯನ್ನು 'ನೇರ ವಿದ್ಯುತ್' ಎಂದು ಶಾಲೆಯಲ್ಲಿ ಓದಿದವರಿಗೆ ಅದು ತಾನಾಗಿ ಹೊಳೆಯುತ್ತದೆ. ಮನೆಯಲ್ಲೇ ಬೇರು ಇರುವಾಗ ಎರವಲಿಗೆ ಕೈಯೊಡ್ಡುವುದು ಸೋಮಾರಿತನ.

ಎರಡನೆಯ ಉತ್ತರ:
ಒಪ್ಪುವುದಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಕೇಳಿ ತರಲಾಗದ ಪದವನ್ನು ಗೋಡೆಯ ಮೇಲೆ ಬರೆದು ಫಲವಿಲ್ಲ. ಈಗಿನ ಬೈಕುಗಳಲ್ಲಿ ರೆಕ್ಟಿಫೈಯರ್, ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ರೆಗ್ಯುಲೇಟರ್ ಎರಡೂ ಸಾಮಾನ್ಯವಾಗಿ ಒಂದೇ ಡಬ್ಬಿಯಲ್ಲಿರುವುದರಿಂದ 'ನೇರ್ಪಡಿಕ' ಅದರ ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ವಿದ್ಯುತ್ ಬಂತು. ಜನರ ಬಾಯಲ್ಲಿ ನಿಂತದ್ದು 'ಕರೆಂಟು'. ಕೊನೆಗೊಂದು ಉಕಾರ ಪಡೆದು, ವಿಭಕ್ತಿಗಳನ್ನೂ ಹತ್ತಿಸಿಕೊಂಡ ಆ ಪದ ಈಗ ಕನ್ನಡದ್ದೇ.

ನಿಜವಾದ ತೊಡಕಿರುವುದು ನಿಮ್ಮ ತಲೆಬರಹದಲ್ಲಿ. ಗ್ಯಾರೇಜಿನ ಕನ್ನಡದಲ್ಲಿ 'ಚಾರ್ಜ್ ಏರುತ್ತಿಲ್ಲ' ಬೇರೆ, 'ಚಾರ್ಜ್ ನಿಲ್ಲುತ್ತಿಲ್ಲ' ಬೇರೆ. ಎಂಜಿನ್ನನ್ನು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತಿಗೆ ಏರಿಸಿದಾಗ ಬ್ಯಾಟರಿಯ ತುದಿಗಳ ನಡುವೆ ಹೆಚ್ಚುಕಡಿಮೆ 13.5ರಿಂದ 14.5 ವೋಲ್ಟ್ ಬರಬೇಕು. ಮೀಟರು 12ರ ಆಸುಪಾಸಿನಲ್ಲೇ ಕೂತರೆ ಅದು ಏರದಿರುವುದು, ಆಗ ಸ್ಟೇಟರ್, ರೆಕ್ಟಿಫೈಯರ್, ಅವೆರಡರ ವೈರುಗಳನ್ನು ಜೋಡಿಸುವ ಕಪ್ಲರ್ ಇವುಗಳನ್ನು ನೋಡಬೇಕು. ಅಷ್ಟು ವೋಲ್ಟ್ ಬಂದೂ, ರಾತ್ರಿ ನಿಲ್ಲಿಸಿದ ಬೈಕಿನಲ್ಲಿ ಬೆಳಿಗ್ಗೆ 12.6 ಇರಬೇಕಾದದ್ದು 12ಕ್ಕೆ ಇಳಿದಿದ್ದರೆ ಅದು ನಿಲ್ಲದಿರುವುದು. ಒಂದೋ ಬ್ಯಾಟರಿ ಸತ್ತಿದೆ, ಇಲ್ಲವೇ ಎಲ್ಲೋ ಕರೆಂಟು ಸೋರುತ್ತಿದೆ. 'ಆಗುತ್ತಿಲ್ಲ' ಎಂಬುದು ಇವೆರಡನ್ನೂ ಕಲಸಿಬಿಡುತ್ತದೆ.

ನನ್ನ ಬೈಕನ್ನು ಗ್ಯಾರೇಜಿನಲ್ಲಿ ದುರಸ್ತಿಗೆ ಬಿಟ್ಟಾಗ ಒಬ್ಬರು ಚೀಟಿಯಲ್ಲಿ 'ಚಾರ್ಜ್ ಆಗುತ್ತಿಲ್ಲ' ಎಂದು ಬರೆದರು, ಮತ್ತೊಬ್ಬರು ಅದನ್ನು ಓದಿ ಬ್ಯಾಟರಿ ಬದಲಿಸಿದರು. ಕೆಲವೇ ದಿನಗಳಲ್ಲಿ ಹೊಸ ಬ್ಯಾಟರಿಯೂ ಡೌನ್. ಸೀಟು ತೆಗೆದು ಕಪ್ಲರ್ ಬಿಚ್ಚಿದರೆ, ಸ್ಟೇಟರಿನಿಂದ ಬರುವ ಮೂರು ಹಳದಿ ವೈರುಗಳಲ್ಲಿ ಒಂದರ ಪಿನ್ನು ಕಪ್ಪಗಾಗಿ, ಸುತ್ತಲಿನ ಪ್ಲಾಸ್ಟಿಕ್ಕು ಕರಗಿ ಅದಕ್ಕೇ ಅಂಟಿಕೊಂಡಿತ್ತು. ಚೀಟಿಯಲ್ಲಿ 'ಏರುತ್ತಿಲ್ಲ' ಎಂದಿದ್ದರೆ ಅವರು ಮೊದಲು ಅಲ್ಲಿಗೇ ಕೈಹಾಕುತ್ತಿದ್ದರು.

ಪ್ರಶ್ನೆ ಕೇಳಿದವರು:
ತಲೆಬರಹವನ್ನು ಎರಡಾಗಿ ಒಡೆಯುತ್ತೇನೆ. 'ರೆಕ್ಟಿಫೈಯರ್' ಹಾಗೆಯೇ ಇರಲಿ. ಡಬ್ಬಿಯ ಮೇಲೂ ಅದೇ ಹೆಸರಿದೆ.

ಮೊದಲು ಉತ್ತರಿಸಿದವರು:
ಆ ಪದದ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ರೆಗ್ಯುಲೇಟರ್ ಕೆಟ್ಟು 15 ವೋಲ್ಟ್ ದಾಟಿ, ಬಲ್ಬುಗಳು ಸುಟ್ಟು ಬ್ಯಾಟರಿ ಉಬ್ಬುವ ದೋಷವೂ ಇದೆ. ಅದಕ್ಕೆ ಮೂರನೆಯ ತಲೆಬರಹ ಬೇಕು. ಏರು, ನಿಲ್ಲು ಇದ್ದಲ್ಲಿ 'ಓವರ್ ಚಾರ್ಜ್' ಎಂದು ಬರೆಯಬೇಡಿ. 'ಚಾರ್ಜ್ ಮೀರುತ್ತಿದೆ' ಎಂದು ಬರೆಯಿರಿ.